ಒಂದೇ ಒಂದು ಫಾರ್ಮಿಡಬಲ್

ನಮ್ಮ ಅತ್ತೆಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಒಂದೇ ಪದ. ಆ ಒಂದು ಪದ ಇಟ್ಟುಕೊಂಡು ಅವರು ಚೆಟ್ಟಳ್ಳಿಯ ಸುತ್ತಮುತ್ತ ನಡೆಸಿದಷ್ಟು ದರ್ಬಾರನ್ನು ಇಡೀ ನಿಘಂಟು ಬಾಯಿಪಾಠ ಮಾಡಿದವರೂ ನಡೆಸಿದ್ದನ್ನು ನಾನು ಕಂಡಿಲ್ಲ! ಯಾವುದಪ್ಪಾ ಅಂಥ ಪದ ಅಂತೀರಾ? ಫಾರ್ಮಿಡಬಲ್. ನಗು ಬಂದರೆ ನಕ್ಕುಬಿಡಿ, ತಡೆದುಕೊಳ್ಳಬೇಡಿ. ನಮ್ಮ ಅಪ್ಪನೂ ನಕ್ಕವರೇ, ನನಗೆ ಬಂದಿದ್ದ ಸಂಬಂಧ ಆ ಪದಕ್ಕೆ ತಗುಲಿ ಮುರಿದುಬೀಳುವವರೆಗೆ. ಆಮೇಲೆ ಅವರು ಆ ಪದ ಕೇಳಿದರೆ ಎದ್ದುಹೋಗುತ್ತಿದ್ದರು. ನಾನು ಮಾತ್ರ ಅಂದೂ ಅತ್ತೆಯ ಪಕ್ಷ, ಇಂದೂ ಅತ್ತೆಯ ಪಕ್ಷ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಷ್ಪಕ್ಷಪಾತ ಅದು ಇದು ಅಂತ ತಕರಾರು ಬೇಡ.

ಅತ್ತೆ ಅಂದರೆ ಅಪ್ಪನ ಅಕ್ಕ. ನಮ್ಮ ಮನೆಯ ಮುಂದಿನ ಗದ್ದೆ ದಾಟಿದರೆ ಅವರ ಸಣ್ಣ ಕಾಫಿ ತೋಟ. ಕಾಫಿ ಗಿಡದ ಹಿಂದೆ ನಿಂತರೆ ತಲೆ ಕಾಣಿಸದಷ್ಟು ಕುಳ್ಳಗಿದ್ದರು. ದನಿ ಮಾತ್ರ ಸಿದ್ದಾಪುರದ ಬಸ್ಸಿನಲ್ಲಿ ಕೂತವರಿಗೂ ಕೇಳಿಸುತ್ತಿತ್ತು! ಮಕ್ಕಳಿರಲಿಲ್ಲ. ಮಾವ ಇದ್ದರು, ಆದರೆ ಇದ್ದಾರೆ ಅಂತ ಗೊತ್ತಾಗುತ್ತಿದ್ದದ್ದು ಅವರು ನಶ್ಯ ಏರಿಸಿ ಸೀನಿದಾಗ ಮಾತ್ರ. ಇಡೀ ಮನೆಯ ಮಾತನ್ನು ಅತ್ತೆಯೇ ಆಡಿ ಮುಗಿಸುತ್ತಿದ್ದುದರಿಂದ ಅವರ ಪಾಲಿಗೆ ಸೀನು ಉಳಿದಿತ್ತು.

ಆ ಪದ ಅತ್ತೆಗೆ ಸಿಕ್ಕಿದ್ದು ಪಕ್ಕದ ಎಸ್ಟೇಟಿನ ಬಿಳಿ ದೊರೆಯಿಂದ. ಕೊಡಗು ಮೈಸೂರಿಗೆ ಸೇರಿದ ಹೊಸತು. ದೊರೆಗಳು ಒಬ್ಬೊಬ್ಬರೇ ಊರಿಗೆ ಹೊರಡುತ್ತಿದ್ದರು. ಈತ ಹೊರಡುವ ಬದಲು ಬೇಲಿಯನ್ನೇ ಹೊರಡಿಸಿದ! ಒಂದು ಬೆಳಿಗ್ಗೆ ನೋಡಿದರೆ ಎಸ್ಟೇಟಿನ ಬೇಲಿ ಅತ್ತೆಯ ತೋಟದೊಳಗೆ ಬಂದು ನಿಂತಿತ್ತು. ನಮ್ಮ ಅಪ್ಪ, ಊರ ಹಿರಿಯರು ಎಲ್ಲ ಸೇರಿ ಮಡಿಕೇರಿಗೆ ಹೋಗಿ ವಕೀಲರನ್ನು ಕಾಣೋಣ ಅಂದರು. ಅತ್ತೆ ಅಷ್ಟು ದೂರ ಹೋಗಲಿಲ್ಲ. ಮೂರು ಕಲ್ಲು, ಒಂದು ಪಾತ್ರೆ, ಒಂದು ಹೊರೆ ಸೌದೆ ಹೊತ್ತುಕೊಂಡು ಹೋಗಿ, ಹೊಸ ಬೇಲಿಯ ಆಚೆ, ತಮ್ಮ ಜಾಗದ ನಡುಮಧ್ಯೆ ಒಲೆ ಹೂಡಿ ಅನ್ನಕ್ಕಿಟ್ಟರು. ಮರುದಿನವೂ ಅಲ್ಲೇ ಅಡುಗೆ. ಅದರ ಮರುದಿನವೂ ಅಲ್ಲೇ. ಮಾವ ತಟ್ಟೆ ಹಿಡಿದುಕೊಂಡು ಬೇಲಿ ನುಸುಳಿ ಊಟಕ್ಕೆ ಹೋಗಿ ಬರುತ್ತಿದ್ದರು.

ಕೊನೆಗೆ ದೊರೆಯೇ ಬಂದ, ಪಕ್ಕದಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಏಳಲು ಹೇಳು ಅಂತ ದೊರೆ ಇಂಗ್ಲಿಷಿನಲ್ಲಿ ಗುಡುಗಿದ. "ಅಮ್ಮಾ, ಏಳಬೇಕಂತೆ" ಅಂತ ರೈಟರ್ ಕನ್ನಡದಲ್ಲಿ ಗೋಗರೆದ.

"ಅನ್ನ ಬೆಂದ ಮೇಲೆ ಏಳ್ತೀನಿ ಅನ್ನು. ಹಸಿ ಸೌದೆ, ತಡ ಆಗ್ತದೆ" ಅಂದ ಅತ್ತೆ ಊದುಗೊಳವೆ ಹಿಡಿದು ಜೋರಾಗಿ ಊದಿದರು. ಹೊಗೆಯೆಲ್ಲ ದೊರೆಯ ಮುಖಕ್ಕೆ! ಅವನು ಕಣ್ಣುಜ್ಜಿಕೊಂಡ, ಕೆಮ್ಮಿದ, ಟೋಪಿ ತೆಗೆದ. "ಫಾರ್ಮಿಡಬಲ್!" ಅಂದವನೇ ತಿರುಗಿ ಹೊರಟುಹೋದ. ಮರುದಿನ ಬೇಲಿಯೂ ಹೊರಟುಹೋಯಿತು.

"ಏನಂದ ಅವನು? ಬೈದ್ನಾ?" ಅಂತ ಅತ್ತೆ ರೈಟರನ್ನು ಹಿಡಿದು ಕೇಳಿದರು. ಪಾಪ, ಅವನು ಮಲಯಾಳದವನು, ಇಂಗ್ಲಿಷಿನಿಂದ ಕನ್ನಡಕ್ಕೆ ಬರಬೇಕಾದರೆ ಮಲಯಾಳದ ಮೇಲೆ ಹಾದು ಬರಬೇಕು. ಬಹಳ ಹೊತ್ತು ಯೋಚಿಸಿ ಹೇಳಿದನಂತೆ: "ಬೈಗಳಲ್ಲ ಅಮ್ಮಾ. ಕಂಡ್ರೆ ಮುಂದೆ ಹೋಗೋಕೆ ಕಾಲು ಬರೋದಿಲ್ಲ, ಹಿಂದೆ ಹೋಗೋಕೆ ಮರ್ಯಾದೆ ಬಿಡೋದಿಲ್ಲ. ಅಂಥದ್ದು."

ಇದಕ್ಕಿಂತ ಒಳ್ಳೆಯ ಅರ್ಥವನ್ನು ಯಾವ ಪಂಡಿತನಾದರೂ ಬರೆದಿದ್ದರೆ ತಂದು ತೋರಿಸಿ! ಅತ್ತೆಗೆ ಜಾಗ ವಾಪಸ್ಸು ಬಂದದ್ದರಲ್ಲಿ ಹೆಚ್ಚುಗಾರಿಕೆ ಕಾಣಲಿಲ್ಲ, ಅದು ಅವರದೇ ಆಗಿತ್ತಲ್ಲ. ಪದ ಮಾತ್ರ ನಿವ್ವಳ ಸಂಪಾದನೆ.

ಹಾಗಂತ ಅದನ್ನು ಕಂಡಕಂಡದ್ದಕ್ಕೆಲ್ಲ ಬಳಸಿ ಸವೆಸಿದರು ಅಂದುಕೊಂಡಿರಾ? ಅಲ್ಲೇ ನೀವು ತಪ್ಪಿದ್ದು. ಅತ್ತೆಯ ಕಾನೂನೇ ಬೇರೆ. ಒಂದು ಸಲಕ್ಕೆ ಒಬ್ಬರು ಮಾತ್ರ ಫಾರ್ಮಿಡಬಲ್. "ದೊರೆ ಕೊಟ್ಟದ್ದೇ ಒಂದು. ಒಂದನ್ನ ಊರಿಗೆಲ್ಲ ಹೇಗೆ ಹಂಚೋದು?" ಅನ್ನುತ್ತಿದ್ದರು. ಯಾರಿಗಾದರೂ ಕೊಡಬೇಕಾದರೆ ಮೊದಲು ಹಿಂದಿನವರಿಂದ ಕಿತ್ತುಕೊಳ್ಳಬೇಕು. ಚಿರತೆಯೊಂದು ಲೈನ್ ಮನೆಗಳ ಪಕ್ಕ ಹಾದುಹೋಯಿತು ಅಂತ ಕೂಲಿಯವರು ನಡುಗುತ್ತಾ ಬಂದು ಹೇಳಿದರೆ, "ನಾಯಿ ಬೊಗಳಿದ್ದಕ್ಕೆ ಓಡಿತಾ ಇಲ್ವಾ? ಓಡಿತಲ್ಲ! ಸಾಧಾರಣ" ಅಂತ ಅದನ್ನು ಫೇಲು ಮಾಡಿದರು. ನನ್ನ ಅಮ್ಮ ಮಾಡಿದ ಹಂದಿ ಪಲ್ಯಕ್ಕೆ ಹಬ್ಬದ ದಿನವೇ "ಇನ್ನೂ ಸ್ವಲ್ಪ ಹುಳಿ ಬಿದ್ದಿದ್ರೆ ನೋಡಬಹುದಿತ್ತು" ಅಂದುಬಿಟ್ಟರು. ಅಮ್ಮ ಆ ಹಬ್ಬವಿಡೀ ಮಾತು ಬಿಟ್ಟಿದ್ದರು.

ಒಂದು ಮಳೆಗಾಲವಿಡೀ ಆ ಪದ ಒಂದು ಒಂಟಿ ಸಲಗದ ಹತ್ತಿರ ಇತ್ತು. ಅತ್ತೆಯ ಗೇಟು ಮುರಿದು, ಹಲಸಿನ ಹಣ್ಣು ತಿಂದು, ಅಂಗಳದಲ್ಲೇ ಲದ್ದಿ ಹಾಕಿ, ಯಾರು ಡಬ್ಬ ಬಡಿದರೂ ಕದಲದೆ ನಿಂತಿತ್ತು ಆ ಆನೆ. ಅತ್ತೆ ಕಿಟಕಿಯಿಂದ ನೋಡಿ ಗೌರವದಿಂದ ಪದವಿ ಪ್ರದಾನ ಮಾಡಿದರು. ಮತ್ತೊಂದು ದಿನ ಅದು ಹಿಂದಿನ ಬಾಗಿಲಿಗೆ ಬಂದಾಗ ಮಾವ ಅಲ್ಲೇ ಕೂತು ನಶ್ಯ ಏರಿಸುತ್ತಿದ್ದರು. ಹೆದರಿಕೆಗೋ ನಶ್ಯಕ್ಕೋ ಒಂದು ಸೀನು ಸೀನಿದರು ನೋಡಿ! ಆನೆ ಬಾಲ ಎತ್ತಿಕೊಂಡು ಕಾಫಿ ಗಿಡಗಳ ಮೇಲೆ ಓಡಿತು.

"ಹೋಯ್ತು ಅದರ ಫಾರ್ಮಿಡಬಲ್ಲು" ಅಂದರು ಅತ್ತೆ.

ಮಾವ ಮೂಗೊರೆಸಿಕೊಂಡು ಮೆಲ್ಲಗೆ, "ಹಾಗಾದ್ರೆ ಈಗ ನನಗಾ?" ಅಂದರು.

"ಸೀನಿದ್ದಕ್ಕೆಲ್ಲ ಕೊಡೋಕೆ ಆಗೋದಿಲ್ಲ."

ಆಮೇಲೆ ಮೈಸೂರು ಕಡೆಯಿಂದ ಜಮೀನು ಅಳೆಯಲು ಒಬ್ಬ ಸಾಹೇಬರು ಬಂದರು. ಇಸ್ತ್ರಿ ಪ್ಯಾಂಟು, ಹೊಸ ಬೂಟು. ಮಧ್ಯಾಹ್ನ ಅತ್ತೆಯ ಮನೆಯಲ್ಲಿ ಊಟ. ಗಾಂಧಾರಿ ಮೆಣಸಿನ ಚಟ್ನಿಯನ್ನು ಅರಿಯದೆ ಬಾಯಿಗಿಟ್ಟು, ಕಣ್ಣು ಮೂಗು ಎರಡರಲ್ಲೂ ನೀರು ಸುರಿಸುತ್ತಾ, ಮರ್ಯಾದೆಗೆ ಇನ್ನೊಮ್ಮೆ ಹಾಕಿಸಿಕೊಂಡರು! ಅತ್ತೆ ಅಲ್ಲೇ ಘೋಷಿಸಿದರು: "ಸಾಹೇಬರು ಫಾರ್ಮಿಡಬಲ್." ಅವರ ಸಂತೋಷ ಕೈ ತೊಳೆಯುವವರೆಗೂ ಉಳಿಯಲಿಲ್ಲ. ಬೂಟಿನೊಳಗೆ ಏನೋ ಹರಿದಾಡಿದ ಹಾಗಾಯಿತು, ಕಳಚಿ ನೋಡಿದರೆ ಜಿಗಣೆ. ಸಾಹೇಬರು ಊಟದ ಮೇಜು ಹತ್ತಿ ನಿಂತು "ಅಯ್ಯಯ್ಯೋ ತೆಗೀರಿ" ಅಂತ ಕೂಗಿಕೊಂಡರು. ಅತ್ತೆ ಉಪ್ಪು ಹಾಕಿ ಜಿಗಣೆ ತೆಗೆದರು, ಜೊತೆಗೆ ಪದವಿಯನ್ನೂ. ಅಂದಿನಿಂದ ಅದು ಖಾಲಿಯೇ ಇತ್ತು.

ಇನ್ನು ನನ್ನ ಕತೆ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಮಡಿಕೇರಿಯಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಪಾಠ ಹೇಳಬೇಕು ಅನ್ನುವುದೊಂದೇ ನನಗಿದ್ದ ಆಸೆ. ಆದರೆ ಅಷ್ಟರಲ್ಲೇ ಸೋಮವಾರಪೇಟೆ ಕಡೆಯಿಂದ ಒಂದು ಸಂಬಂಧ ಬಂತು. ತೋಟವಿದೆ, ಜೀಪಿದೆ. ಹುಡುಗಿ ಮುಂದೆ ಓದಕೂಡದು, ಶುಭಕಾರ್ಯ ಮಾಡದ ಕಕ್ಕಡ ತಿಂಗಳು ಹಿಡಿಯುವ ಮೊದಲೇ ಮದುವೆ ಮುಗಿಯಬೇಕು ಅಂತ ಅವರ ಮಾತು. ಅಪ್ಪ ಎಲ್ಲಕ್ಕೂ ತಲೆಯಾಡಿಸಿದರು. ಅಪ್ಪನ ಎದುರು ಬಾಯಿ ತೆರೆಯುವ ಪದ್ಧತಿ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇರಲಿಲ್ಲ.

ಅವರು ನೋಡಲು ಬಂದ ದಿನ ಅಡುಗೆಮನೆಯಲ್ಲಿ ಕಾಫಿ ಲೋಟಗಳನ್ನು ಜೋಡಿಸುತ್ತಿದ್ದೆ. ಅತ್ತೆ ಪಕ್ಕಕ್ಕೆ ಬಂದು ನಿಂತರು.

"ಬೇಕಾ ನಿನಗೆ ಇದು?"

ಬೇಡ ಅಂತ ತಲೆಯಾಡಿಸಿದೆ.

"ಹೇಳೋಕೆ ಆಗ್ತದಾ?"

ಅದಕ್ಕೂ ಇಲ್ಲ ಅಂತಲೇ ಆಡಿಸಿದೆ. ಅತ್ತೆ ಸೆರಗು ಸಿಕ್ಕಿಸಿಕೊಂಡು, "ಸರಿ, ಕಾಫಿ ತಗೊಂಡು ನಡಿ" ಅಂದರು.

ಹುಡುಗನ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹುಡುಗಿ ಗುಣ ಹೇಗೆ?" ಅಂತ ಕೇಳಿದರು. ನನ್ನನ್ನಲ್ಲ, ಅಪ್ಪನನ್ನು.

"ಹಸು ಇದ್ದ ಹಾಗೆ" ಅಂದರು ಅಪ್ಪ. ನಾನು ನೆಲ ನೋಡುತ್ತಾ ನಿಂತಿದ್ದೆ.

ಅಡುಗೆಮನೆಯ ಬಾಗಿಲಿನಿಂದ ಸಿದ್ದಾಪುರಕ್ಕೆ ಕೇಳಿಸುವ ಆ ದನಿ ಬಂತು: "ಹಸುವೂ ಅಲ್ಲ, ಕರುವೂ ಅಲ್ಲ. ನಮ್ಮ ಹುಡುಗಿ ಫಾರ್ಮಿಡಬಲ್!"

ಎಲ್ಲರೂ ಕಣ್ಣು ಕಣ್ಣು ಬಿಟ್ಟರು. ಹುಡುಗನ ದೊಡ್ಡಪ್ಪ ಸುಬೇದಾರರಾಗಿ ನಿವೃತ್ತರಾದವರು. ಅವರೊಬ್ಬರು ಮಾತ್ರ ಮೀಸೆ ನೇವರಿಸಿಕೊಂಡು, "ಈ ಮಾತು ನನಗೆ ಗೊತ್ತು. ಪಟಾಲಮ್ಮಿನಲ್ಲಿ ನಮ್ಮ ಕರ್ನಲ್ ಹೇಳ್ತಿದ್ರು" ಅಂದರು.

"ಯಾರಿಗೆ ಹೇಳ್ತಿದ್ರು?" ಅಂದರು ಹುಡುಗನ ತಾಯಿ.

"ಶತ್ರುವಿನ ಕೋಟೆಗೆ."

ತಾಯಿ ಲೋಟ ಕೆಳಗಿಟ್ಟರು. ಹುಡುಗ ನನ್ನನ್ನೊಮ್ಮೆ ನೋಡಿ, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡ. ಸುಳ್ಳಲ್ಲ, ನನ್ನ ಕಣ್ಣಾರೆ ಕಂಡದ್ದು! ಜಾತಕ ಇನ್ನೊಮ್ಮೆ ನೋಡಿಸಿ ತಿಳಿಸುತ್ತೇವೆ ಅಂತ ಹೇಳಿ ಹೋದವರು ಈಗಲೂ ನೋಡಿಸುತ್ತಲೇ ಇರಬೇಕು.

ಜೀಪು ಗೇಟು ದಾಟಿದ ಕೂಡಲೇ ಅಪ್ಪ ಸ್ಫೋಟಿಸಿದರು. "ಅಕ್ಕಾ, ನನ್ನ ಮಗಳ ಬಾಳು ಹಾಳು ಮಾಡಿದೆ!"

"ಒಂದು ಮಾತಿಗೆ ಓಡೋನು ಇವಳ ಜೊತೆ ಏನು ಬಾಳ್ತಿದ್ದ?"

"ಇವಳು ಫಾರ್ಮಿಡಬಲ್ಲಾ? ಜಿಗಣೆ ಕಂಡ್ರೆ ಕಿರುಚ್ತಾಳೆ!"

"ಗೊತ್ತು. ಬೆಳೆಯೋ ಮಕ್ಕಳಿಗೆ ಬಟ್ಟೆ ಸ್ವಲ್ಪ ದೊಡ್ಡದಾಗೇ ಹೊಲಿಸೋದು" ಅಂದರು ಅತ್ತೆ.

ಅಷ್ಟಕ್ಕೆ ಅಪ್ಪ ಸೋಲಲಿಲ್ಲ. ಟ್ರೈನಿಂಗೂ ಇಲ್ಲ, ಮಣ್ಣೂ ಇಲ್ಲ, ಬೇರೆ ಗಂಡು ನೋಡುತ್ತೇನೆ ಅಂತ ಹಟ ಹಿಡಿದರು. ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ನಮ್ಮ ಅಂಗಳದ ನಡುವೆ ಮೂರು ಕಲ್ಲು, ಒಂದು ಪಾತ್ರೆ, ಹಸಿ ಸೌದೆ! ಅತ್ತೆ ಕೂತು ಊದುತ್ತಿದ್ದರು. ಅಪ್ಪ ನೋಡದವರಂತೆ ತೋಟಕ್ಕೆ ಹೋದರು. ಮಧ್ಯಾಹ್ನ ಮಾವ ತಟ್ಟೆ ಹಿಡಿದು ಗದ್ದೆ ದಾಟಿ ಊಟಕ್ಕೆ ಬಂದರು. ಹೀಗೆ ದಿನಗಳು ಹೋದವು. ದಾರಿಯಲ್ಲಿ ಹೋಗುವವರೆಲ್ಲ ನಿಂತು ವಿಚಾರಿಸತೊಡಗಿದರು. ಕೊನೆಗೊಂದು ದಿನ ಅಪ್ಪ ಹೊಗೆಯ ಮುಂದೆ ನಿಂತು, ಕಣ್ಣೊರೆಸಿಕೊಂಡು, "ಹೋಗ್ಲಿ, ಓದಿ ಸಾಯ್ಲಿ!" ಅಂದರು. ಬಿಳಿ ದೊರೆಯೇ ತಡೆಯದ ಹೊಗೆ, ನಮ್ಮ ಅಪ್ಪ ಎಲ್ಲಿ ತಡೆದಾರು?

ಮಡಿಕೇರಿಗೆ ಹೊರಡುವ ದಿನ ಬಸ್ಸಿನ ಹತ್ತಿರ ಬಂದವರು ಅತ್ತೆ ಒಬ್ಬರೇ. ಟ್ರಂಕು ಮೇಲೆ ಹಾಕಿಸಿದರು, ಸೀಟು ಹಿಡಿಯದ್ದಕ್ಕೆ ಕಂಡಕ್ಟರನನ್ನು ಬೈದರು. ಬೇಕು ಬೇಕು ಅಂದದ್ದು ಕೈಗೆ ಬಂದಾಗ ನಾನು ಅತ್ತೆಯ ಸೆರಗು ಹಿಡಿದುಕೊಂಡೆ. ಊರು ಬಿಟ್ಟು ಒಂದು ರಾತ್ರಿ ಕಳೆದವಳಲ್ಲ ನಾನು.

"ಅತ್ತೆ, ನನಗೆ ಹೆದರಿಕೆ ಆಗ್ತದೆ. ನಾನು ಫಾರ್ಮಿಡಬಲ್ ಅಲ್ಲ. ಅದನ್ನ ವಾಪಸ್ ತಗೊಂಡ್ಬಿಡಿ" ಅಂದೆ.

ಆನೆಯಿಂದ ಕಿತ್ತುಕೊಂಡವರು, ಸಾಹೇಬರಿಂದ ಕಿತ್ತುಕೊಂಡವರು, ನನ್ನಿಂದ ತೆಗೆದುಕೊಳ್ಳಲು ಎಷ್ಟು ಹೊತ್ತು? ಅವರು ನನ್ನ ಜಡೆಯನ್ನು ಸರಿಮಾಡಿ ಮುಂದಕ್ಕೆ ಹಾಕಿದರು. ಯಾವತ್ತೂ ಸಿದ್ದಾಪುರಕ್ಕೆ ಕೇಳಿಸುವ ದನಿ ಅವತ್ತು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

"ನನ್ನ ನೋಡೋಕೆ ಬಂದಾಗ ನಾನೂ ಹೀಗೇ ನೆಲ ನೋಡ್ತಾ ನಿಂತಿದ್ದೆ, ಮಗಾ. ನಿಮ್ಮಜ್ಜನೂ ಹಸು ಅಂತಲೇ ಅಂದ್ರು. ನಿಮ್ಮ ಮಾವ ಒಳ್ಳೆಯವರಾಗಿದ್ದದ್ದು ನನ್ನ ಪುಣ್ಯ. ಆದ್ರೆ ನನಗೇನು ಬೇಕು ಅಂತ ಕೇಳೋಕೆ ಅವತ್ತು ಅಡುಗೆಮನೆ ಬಾಗಿಲಲ್ಲಿ ಯಾರೂ ಇರಲಿಲ್ಲ."

"ಏನು ಬೇಕಿತ್ತು ಅತ್ತೆ ನಿಮಗೆ?"

"ಯಾರೂ ಕೇಳದೆ ಕೇಳದೆ ಮರೆತೇಹೋಯ್ತು. ನೀನು ಹತ್ತು."

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವರು ಹಾಗೇ ನಿಂತಿದ್ದರು. ನಾನು ಸೀಟಿನಲ್ಲಿ ಕೂತು ಮಡಿಕೇರಿಯವರೆಗೂ ಅಳುತ್ತಲೇ ಇದ್ದೆ.

ಮುಂದಿನದ್ದು ರಜಕ್ಕೆ ಹೋದಾಗ ಮಾವ ಹೇಳಿದ್ದು. ಆ ವರ್ಷ ಸಲಗ ಮತ್ತೆ ಬಂದಿತ್ತಂತೆ. ಈ ಸಲ ಸೀನಿಗೂ ಜಗ್ಗದೆ, ಕೊಟ್ಟಿಗೆಯನ್ನೇ ಕೆಡವಿ ನಿಂತಿತ್ತಂತೆ. ಮಾವ ಬಾಗಿಲ ಸಂದಿಯಿಂದ ನೋಡಿ, "ಇದಕ್ಕೆ ಕೊಡಲೇಬೇಕು ಮಾರಾಯ್ತಿ, ಇದು ಫಾರ್ಮಿಡಬಲ್ಲೇ" ಅಂದರಂತೆ.

"ಈಗ ಆಗೋದಿಲ್ಲ" ಅಂದರಂತೆ ಅತ್ತೆ. "ಅದು ಮಡಿಕೇರೀಲಿ ಓದ್ತಾ ಇದೆ."