ಸಾಧನಾಳ ಪ್ರಾಜೆಕ್ಟಿಗೆ ಒಂದು ಇಲಿ

ಬೆಳಿಗ್ಗೆ ಏಳು ಗಂಟೆಗೆ ಟೀಚರ ಫೋನು ಬಂದಾಗ ವಿಮಲಕುಮಾರ ಮೈಗೆಲ್ಲ ಸೋಪು ಹಚ್ಚಿಕೊಂಡು ಬಚ್ಚಲಲ್ಲಿ ನಿಂತಿದ್ದ. ಐದು ನಿಮಿಷ ತಡವಾಗಿ ಸ್ನಾನಕ್ಕೆ ಹೋಗಿದ್ದರೆ ಅವನಿಗೆ ಈ ಗತಿ ಬರುತ್ತಿರಲಿಲ್ಲ. ಫೋನು ಎತ್ತಿದವರು ಅವನ ತಾಯಿ ಕಮಲಾವತಮ್ಮ.

"ಮಗಾ, ಸಾಧನಾಳ ಶಾಲೆಯಿಂದ," ಎಂದು ಅವರು ಬಾಗಿಲ ಹೊರಗಿನಿಂದ ಹೇಳಿದರು. "ಮಧ್ಯಾಹ್ನದ ವಿಜ್ಞಾನ ಮೇಳಕ್ಕೆ ನಮ್ಮ ಮಗು ಒಂದು ಇಲಿ ತರಬೇಕಂತೆ."

"ಇಲಿಯಾ?"

"ಹೌದು. ಒಣಗಿದ್ದೆಲ್ಲ ಆಗುವುದಿಲ್ಲವಂತೆ. ಗಾಜಿನ ಗ್ಲಾಸಿಗೆ ನೀರು ತುಂಬಿಸಿ, ಅದರಲ್ಲಿ ಪೂರ್ತಿ ಮುಳುಗಿಸಿ ಬಿಸಿಲಿಗೆ ಇಡಬೇಕಂತೆ. ಅದು ಉಸಿರು ಬಿಡುವುದು ಗುಳ್ಳೆಗುಳ್ಳೆಯಾಗಿ ಕಾಣ್ತದಂತೆ. ಮಕ್ಕಳಿಗೆ ನೋಡ್ಲಿಕ್ಕೆ ಚಂದವಂತೆ!"

ಪುತ್ತಿಗೆಯ ಹಾಲಿನ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ವಿಮಲಕುಮಾರ, ಸಕ್ಕರೆ ಡಬ್ಬಕ್ಕೆ ಇರುವೆ ಬಂದರೆ ಡಬ್ಬವನ್ನೇ ಅಂಗಳದಲ್ಲಿಟ್ಟು ಅವುಗಳ ಊಟ ಮುಗಿಯುವವರೆಗೆ ಕಾಯುವ ಜೈನ. ಸೊಳ್ಳೆ ಕಚ್ಚಿದರೆ ಊದಿ ಕಳಿಸುವವ.

ಆದರೆ ಆಗುವುದಿಲ್ಲ ಅನ್ನುವುದು ಹೇಗೆ? ಮೂರನೇ ಕ್ಲಾಸಿನ ಸಾಧನಾಗೆ ಇದು ಮೊದಲ ಮೇಳ. 'ನಾಳೆ ಮಾಡುವ, ನಾಳೆ ಮಾಡುವ' ಎಂದು ವಾರವಿಡೀ ತಳ್ಳಿದವನು ಅವನೇ. "ಎಲ್ಲರ ಮೇಜಿನಲ್ಲೂ ಏನಾದ್ರೂ ಇರ್ತದೆ ಅಪ್ಪ. ನನ್ನದರಲ್ಲಿ ಹೆಸರಿನ ಚೀಟಿ ಮಾತ್ರ," ಎಂದು ಅವಳು ನಿನ್ನೆ ಅತ್ತಿದ್ದಳು. ಸಮಾಧಾನ ಮಾಡಲು ಹೆಂಡತಿಯೂ ಇರಲಿಲ್ಲ, ಮುಂಡಾಜೆಯ ತವರಿಗೆ ಹೋಗಿದ್ದಳು.

ಅವನು ಟೀಚರಿಗೆ ತಿರುಗಿ ಫೋನು ಮಾಡಿದ. ಬಾಗಲಕೋಟೆಯಿಂದ ಈ ವರ್ಷವೇ ಬಂದ ಟೀಚರು. ಬಾಯಿಬಿಟ್ಟು ಇಲಿಯ ಹೆಸರು ಹೇಳಲು ಅವನಿಗೆ ಧೈರ್ಯ ಬರಲಿಲ್ಲ.

"ಮೇಡಂ, ಅದು ಬಿಟ್ಟು ಬೇರೆ ಏನಾದ್ರೂ ಆದೀತಾ?"

"ಅದಕ್ಕಿಂತ ಸರಳ ಯಾವದೈತ್ರಿ ಸರ್? ನಿಮ್ಮ ಹಿತ್ತಲದಾಗ ಬೇಕಾದಷ್ಟು ಸಿಗ್ತಾವು. ಅಂಗೈಯಷ್ಟು ದೊಡ್ಡದಿದ್ರ ಸಾಕು. ಚೊಲೋ ತೊಳಕೊಂಡು ತರ್ರಿ, ಧೂಳ ಇರಬಾರ್ದು."

"ಅದಕ್ಕೆ ನೋವಾಗುವುದಿಲ್ವಾ ಮೇಡಂ?"

"ಭಾಳ ಸೂಕ್ಷ್ಮ ಅದೀರಿ ಬಿಡ್ರಿ ಸರ್!" ಎಂದು ಟೀಚರು ನಕ್ಕು ಫೋನಿಟ್ಟರು. ಇಷ್ಟು ಕಲಿತವರಿಗೆ ಇಷ್ಟು ಕಲ್ಲೆದೆಯೇ ಎಂದು ವಿಮಲಕುಮಾರ ಕಂಗಾಲಾದ.

ಸುದ್ದಿ ಬೇಲಿ ದಾಟಿತು. ರಬ್ಬರ್ ಟ್ಯಾಪಿಂಗ್ ಮುಗಿಸಿ ಬಂದ ಪಕ್ಕದ ಮನೆಯ ಚನಿಯಪ್ಪ ಕತ್ತಿ ಸಮೇತ ಒಳಗೆ ಬಂದ.

"ಇಲಿಯಾ ವಿಮಲಣ್ಣ? ನನ್ನತ್ರ ವಿಷದ ಗುಳಿಗೆ ಉಂಟು."

"ಜೀವ ಇರ್ಬೇಕು ಮಾರಾಯ."

"ಹಾಗಾದ್ರೆ ಬೋನು ಇಡುವ." ಅವನು ಹಳೆಯ ಇಲಿಬೋನು ತಂದ. ಅಷ್ಟರಲ್ಲಿ ಅವನ ಹೆಂಡತಿ ಲೋಲಾಕ್ಷಿ ಉತ್ಸಾಹದಿಂದ ಒಂದು ಒಣಮೀನು ಹಿಡಿದುಕೊಂಡು ಬಂದಳು. "ಇದನ್ನು ಸಿಕ್ಕಿಸಿ, ವಾಸನೆಗೇ ಓಡಿ ಬರ್ತದೆ."

ಕಮಲಾವತಮ್ಮ ಕಿರುಚಿದ ಸದ್ದಿಗೆ ಲೋಲಾಕ್ಷಿ ಒಣಮೀನಿನೊಂದಿಗೆ ಅಂಗಳಕ್ಕೆ ಹಾರಿದಳು. ಬೋನು ಚನಿಯಪ್ಪನ ಸೌದೆ ಕೊಟ್ಟಿಗೆಗೆ ಹೋಯಿತು. ಮೊದಲು ಬಿದ್ದದ್ದು ಬೆಕ್ಕಿನಷ್ಟು ದೊಡ್ಡ ಹೆಗ್ಗಣ. ಅಂಗೈ ಮೀರಿದ್ದರಿಂದ ಅದಕ್ಕೆ ಬಿಡುಗಡೆಯಾಯಿತು. ಹನ್ನೆರಡು ಗಂಟೆಗೆ ಸರಿಯಾದ ಅಳತೆಯ ಒಂದು ಸಣ್ಣ ಇಲಿ ಬಿತ್ತು.

"ಹಿಡಿದೆವು!" ಎಂದು ಚನಿಯಪ್ಪ ಕುಣಿದ. ವಿಮಲಕುಮಾರ ಮಾತ್ರ ಅದರ ಮಣಿಯಂಥ ಕಣ್ಣು ಕಂಡು ಮುಖ ತಿರುಗಿಸಿದ. ಟೀಚರು ಹೇಳಿದ್ದರಲ್ಲ, ತೊಳೆಯಬೇಕು. ಉಗುರುಬೆಚ್ಚಗಿನ ನೀರು ತಂದು ಬೋನಿನ ಮೇಲೆ ಹೊಯ್ದ. ಇಲಿ ಮೈ ಕೊಡವಿತು. ಇಲಿಯೂ ಮಿಂದಿತು, ಅವನೂ ಇನ್ನೊಮ್ಮೆ ಮಿಂದ.

"ಸೀಟಿನಡಿಗೆ ಹೋದ್ರೆ ಇಡೀ ರಿಕ್ಷಾ ಬಿಚ್ಚಬೇಕಾಗ್ತದೆ," ಎಂದು ರಿಕ್ಷಾದ ಸಂದೇಶ್ ಮೊದಲು ಒಪ್ಪಲಿಲ್ಲ. ಕೊನೆಗೆ ಬೋನನ್ನು ವಿಮಲಕುಮಾರ ತೊಡೆಯ ಮೇಲೆ ಅಪ್ಪಿ ಹಿಡಿದುಕೊಳ್ಳುವ ಶರತ್ತಿನ ಮೇಲೆ ಹೊರಟರು. ಪಕ್ಕದಲ್ಲಿ ಕಮಲಾವತಮ್ಮ. ಸಾಯುವ ಜೀವದ ಕಿವಿಗೆ ಪಂಚನಮಸ್ಕಾರ ಮಂತ್ರ ಬಿದ್ದರೆ ಮುಂದಿನ ಜನ್ಮ ಒಳ್ಳೆಯದಾಗುತ್ತದೆಂದು ಅವರು ದಾರಿಯುದ್ದಕ್ಕೂ ಬೋನಿನ ಕಡೆಗೆ ಬಾಗಿ ಜಪಿಸುತ್ತಲೇ ಇದ್ದರು. ಸಾಧನಾ ಮಾತ್ರ ಗ್ಲಾಸನ್ನು ಎದೆಗೊತ್ತಿಕೊಂಡು, "ಅಪ್ಪ, ಇದು ಸಾಯುವುದಿಲ್ಲ ಅಲ್ವಾ?" ಎಂದು ಕೇಳಿದಳು. ಅವನು ರಸ್ತೆ ನೋಡಿದ.

ಶಾಲೆಯಲ್ಲಿ ಮಕ್ಕಳೆಲ್ಲ ತಮ್ಮ ತಮ್ಮ ಮೇಜಿನ ಹಿಂದೆ ನಿಂತಾಗಿತ್ತು. ಹೊರಗೆ ಬಿಸಿಲಲ್ಲಿದ್ದ ಸಾಧನಾಳ ಮೇಜಿನ ಮೇಲೆ ಹೆಸರಿನ ಚೀಟಿ. ಗ್ಲಾಸಿಗೆ ನೀರು ತುಂಬಿಸಿದ್ದಾಯಿತು. ಬೋನಿನ ಬಾಗಿಲಿಗೆ ಕೈಯಿಟ್ಟ ವಿಮಲಕುಮಾರನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಟೀಚರು ಬಂದರು.

"ನನ್ನಿಂದಾಗುವುದಿಲ್ಲ ಮೇಡಂ," ಎಂದು ಅವನು ಕೈಮುಗಿದ. "ಈ ಪಾಪ ಮಾಡಿ ನನ್ನ ಮಗಳು ಕಲಿಯುವುದು ಬೇಡ."

ಟೀಚರು ಬೋನಿನೊಳಗೆ ಇಣುಕಿ, ಎರಡು ಹೆಜ್ಜೆ ಹಿಂದೆ ಹಾರಿದರು. "ಯವ್ವಾ! ಏನ್ರೀ ಸರ್ ಇದು? ನಾ ಎಲಿ ತರ್ರಿ ಅಂದ್ರ ನೀವು ಇಲಿ ತಂದೀರಲ್ಲ! ಎಲಿ, ಗಿಡದ ಎಲಿ! ಹಚ್ಚಗಿಂದು!"

ಬಾಗಲಕೋಟೆಯ ಬಾಯಿಯಲ್ಲಿ ಎಲೆ ಎಂಬುದು ಎಲಿ. ಕಮಲಾವತಮ್ಮನ ತುಳು ಕಿವಿಯಲ್ಲಿ ಎಲಿ ಎಂದರೆ ಇಲಿ. ನಡುವೆ ಅರ್ಧ ದಿನ ನರಕ ಕಂಡವನು ವಿಮಲಕುಮಾರ.

ಅವನು ಅಳುತ್ತ ನಕ್ಕ. ಬೋನಿನ ಬಾಗಿಲು ತೆರೆದ. ಇಲಿ ಅಂಗಳ ದಾಟಿ ಕಾಂಪೌಂಡಿನ ತೂತಿನಲ್ಲಿ ಮಾಯವಾಯಿತು. "ತೀರ್ಪುಗಾರರು ಬರಾಕ ಇನ್ನ ಅರ್ಧ ತಾಸು ಐತಿ, ಲಗೂನ ಇಡ್ರಿ," ಎಂದರು ಟೀಚರು. ಸಾಧನಾ ಚಪ್ಪಾಳೆ ತಟ್ಟಿದಳು. ವಿಮಲಕುಮಾರ ಓಡಿ ಹೋಗಿ ದಾಸವಾಳದ ಗಿಡಕ್ಕೆ ಕೈ ಹಾಕಿದ.

"ಕೀಳಬೇಡ ಮಗಾ!"

ಕಮಲಾವತಮ್ಮ ಅವನ ಕೈ ಹಿಡಿದಿದ್ದರು. "ಇವತ್ತು ಚತುರ್ದಶಿ. ಹಸಿರು ಮುಟ್ಟುವುದಿಲ್ಲ ಅಂತ ನಮ್ಮ ಮನೆಯ ವ್ರತ ಅಲ್ವಾ?"

"ಒಂದು ಎಲೆ ಅಮ್ಮಾ! ಬರೀ ಒಂದು ಎಲೆ!"

"ಉಸಿರು ಬಿಡ್ತದೆ ಅಂತ ನಿನ್ನ ಟೀಚರೇ ಹೇಳಿದ್ದಲ್ವಾ? ಉಸಿರು ಬಿಡುವುದನ್ನು ನೀರಲ್ಲಿ ಮುಳುಗಿಸ್ತೀಯಾ?"

"ಟೀಚರೇ ಕಿತ್ತು ಕೊಟ್ರೆ?"

"ಮಾಡಿಸಿದ್ದೂ ಪಾಪವೇ."

"ಬಿದ್ದ ಎಲೆ?"

"ಒಣಗಿದ್ದು ಉಸಿರು ಬಿಡಂಗಿಲ್ರಿ ಸರ್," ಎಂದು ಟೀಚರು ದೂರದಿಂದ ಹೇಳಿದರು.

ಸಾಧನಾ ನೀರಿನ ಗ್ಲಾಸಿನ ಹಿಂದೆ ನಿಂತು ಅಪ್ಪನನ್ನೇ ನೋಡುತ್ತಿದ್ದಳು. ಶಾಲೆಯ ಅಂಗಳದ ತುಂಬ ಲಕ್ಷ ಎಲೆಗಳು ಬಿಸಿಲಲ್ಲಿ ಆಡುತ್ತಿದ್ದವು. ವಿಮಲಕುಮಾರ ಗಿಡದಿಂದ ಕೈ ತೆಗೆದು, ಇಲಿ ಹೋದ ತೂತಿನ ಕಡೆಗೆ ನೋಡುತ್ತ ನಿಂತ.