ನನ್ನ ಕೈಗೆ ಮಾತ್ರ ಬಗ್ಗುವ ಗಾಡಿ

ನಾನು ಓದು ಬಿಟ್ಟಿದ್ದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ, ಏಳನೇ ತರಗತಿಯ ಅರ್ಧದಲ್ಲಿ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮರದ ಲೋಡು ಹೊತ್ತ ಲಾರಿಗಳು ಶಾಲೆಯ ಮುಂದೆಯೇ ಹೋಗುತ್ತಿದ್ದವು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ. ಓದು ಬಿಟ್ಟವರಲ್ಲಿ ಎರಡು ಬಗೆ. ಕೆಲವರು ತಮಗೇನೂ ತಿಳಿಯದು ಎಂದುಕೊಂಡು ಕಂಡವರನ್ನೆಲ್ಲ ಕೇಳುತ್ತಾರೆ. ಇನ್ನು ಕೆಲವರು ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಗೊತ್ತಿಲ್ಲ ಎನ್ನುವುದು ಎದುರಿನವನಿಗೆ ಗೊತ್ತಾಗಿಬಿಡುತ್ತದೆ. ನಾನು ಈ ಎರಡನೆಯವರ ಪೈಕಿ. ಕ್ಲೀನರಾಗಿ, ಡ್ರೈವರಾಗಿ, ಹದಿನೆಂಟು ವರ್ಷ ಬೇರೆಯವರ ಗಾಡಿ ಓಡಿಸಿ, ಕೊನೆಗೆ ನನ್ನದೇ ಒಂದು ಪಿಕಪ್ ತೆಗೆದುಕೊಂಡೆ. ಹಳೆಯದೇ, ಆದರೆ ಲಾರಿಯ ತಮ್ಮನ ಹಾಗಿದ್ದ ಗಟ್ಟಿ ಗಾಡಿ. ಎಸ್ಟೇಟುಗಳ ಕಾಫಿ ಚೀಲ, ಗೊಬ್ಬರ, ಮೆಣಸು, ಏನು ಹೇರಿದರೂ ಗೊಣಗದೆ ಹತ್ತುತ್ತಿತ್ತು.

ಅದರ ಸ್ಟೇರಿಂಗ್ ಯಾವಾಗ ಸಡಿಲವಾಯಿತು ಎಂದು ಕೇಳಿದರೆ ನನಗೆ ತಿಳಿಯದು. ಹಲ್ಲು ಅಲ್ಲಾಡಲು ಶುರುವಾದ ದಿನ ಯಾರಿಗೆ ನೆನಪಿರುತ್ತದೆ? ನಾಲಿಗೆ ತಾನಾಗಿ ಹೊಂದಿಕೊಳ್ಳುತ್ತದೆ, ಚಕ್ಕುಲಿ ಇನ್ನೊಂದು ದವಡೆಗೆ ಹೋಗುತ್ತದೆ. ಮೊದಲು ಎರಡು ಬೆರಳಿನಷ್ಟು ಸಡಿಲವಿತ್ತು. ವರ್ಷ ಕಳೆಯುವುದರೊಳಗೆ ಒಂದು ಗೇಣಾಯಿತು. ಅಷ್ಟು ತಿರುಗಿಸಿದ ಮೇಲೆ ಮುಂದಿನ ಟಯರಿಗೆ ಸುದ್ದಿ ಮುಟ್ಟುತ್ತಿತ್ತು. ತಿರುವು ಬರುವ ಮೊದಲೇ ತಿರುಗಿಸಿ, ಮುಗಿಯುವ ಮೊದಲೇ ಕೈಯಾರೆ ವಾಪಸ್ ಎಳೆದುಕೊಳ್ಳುವುದನ್ನು ನಾನು ರೂಢಿ ಮಾಡಿಕೊಂಡೆ. ಒಮ್ಮೆ ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಸರೋಜ, "ಏನ್ರೀ, ರಸ್ತೆ ನೆಟ್ಟಗೈತೆ, ನೀವ್ಯಾಕೆ ಕೂತ್ಕಂಡು ಮೊಸರು ಕಡೀತಿದ್ದೀರಾ?" ಎಂದಳು. "ಇದು ನನ್ನ ಕೈಗೆ ಮಾತ್ರ ಬಗ್ಗೋ ಗಾಡಿ ಕಣೇ" ಎಂದೆ. ನಿಜ ಹೇಳುತ್ತೇನೆ, ಆ ಮಾತಿನಲ್ಲಿ ನನಗೆ ಬಹಳ ಹೆಮ್ಮೆಯಿತ್ತು.

ಹಾಗೆಂದು ರಿಪೇರಿ ಮಾಡಲಿಲ್ಲವೆಂದಲ್ಲ. ಸ್ಟೇರಿಂಗ್ ಬಾಕ್ಸಿನ ಮೇಲೆ ಒಂದು ಸ್ಕ್ರೂ ಇರುತ್ತದೆ. ಬಿಗಿದರೆ ಒಳಗಿನ ಹಲ್ಲುಗಳು ಹತ್ತಿರ ಬರುತ್ತವೆ. ಡಾಕ್ಟರನ್ನು ಕೇಳದೆ ಮಾತ್ರೆ ನುಂಗುವವರಂತೆ, ಬೇಸರವಾದಾಗಲೆಲ್ಲ ಅದಕ್ಕೆ ಕಾಲು ಸುತ್ತು ಕೊಡುತ್ತಿದ್ದೆ. ಪರೀಕ್ಷೆಯನ್ನೂ ಮಾಡುತ್ತಿದ್ದೆ. ನಾನೇ ಮೇಲೆ ಕೂತು ಸ್ಟೇರಿಂಗ್ ಅಲ್ಲಾಡಿಸಿ, ನಾನೇ ಇಳಿದು ಗಾಡಿಯ ಕೆಳಗೆ ನುಗ್ಗಿ ನೋಡುತ್ತಿದ್ದೆ. ನಾನು ನುಗ್ಗುವ ಹೊತ್ತಿಗೆ ಎಲ್ಲವೂ ತೆಪ್ಪಗೆ ನಿಂತಿರುತ್ತಿದ್ದವು.

ಹೀಗಿರುವಾಗ ನನಗೆ ಕಣ್ಣುಬೇನೆ ಬಂತು. ಎರಡೂ ಕಣ್ಣು ಮೆಣಸಿನ ಪುಡಿ ಬಿದ್ದಂತೆ ಕೆಂಪಾಗಿ, ಬೆಳಿಗ್ಗೆ ಎದ್ದರೆ ರೆಪ್ಪೆ ಬಿಡಿಸಲಾಗದು. ಹೊಂಗಡಹಳ್ಳದ ಕಡೆಯಿಂದ ಕಾಫಿ ತರಬೇಕಿತ್ತು. ಸರೋಜಳ ತಮ್ಮ ಲೋಕೇಶನಿಗೆ ಲೈಸೆನ್ಸ್ ಇತ್ತು, ಕೈ ಚೆನ್ನಾಗಿತ್ತು. ಯಸಳೂರಿನ ಒಂದು ಎಸ್ಟೇಟಿನಲ್ಲಿ ಅವನಿಗೆ ಡ್ರೈವರ್ ಕೆಲಸ ಹೆಚ್ಚುಕಡಿಮೆ ನಿಶ್ಚಯವಾಗಿತ್ತು. ಕೀ ಕೊಟ್ಟು ಕಳಿಸಿದೆ. ಸ್ಟೇರಿಂಗಿನ ವಿಷಯ ಹೇಳಲಿಲ್ಲ. ಹೇಳಿದರೆ ಗಾಡಿಗೆ ಅವಮಾನ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು: ಇಳಿಜಾರಿನ ತಿರುವಿನಲ್ಲಿ ಗಾಡಿ ಚರಂಡಿಗೆ ಇಳಿದು ಒಂದು ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿದೆ. ಲೋಕೇಶನ ಮೊಣಕಾಲು ತರಚಿತ್ತು, ಗಾಡಿಯ ಒಂದು ಲೈಟು ಹೋಗಿತ್ತು. ಆ ಮರ ಇಲ್ಲದಿದ್ದರೆ ಕೆಳಗೆ ಹಳ್ಳ.

"ಭಾವ, ತಿರುಗಿಸ್ದೆ, ತಿರುಗ್ತು. ಸ್ಟೇರಿಂಗ್ ವಾಪಸ್ ಬರ್ಲಿಲ್ಲ" ಎಂದ ಅವನು.

"ವಾಪಸ್ ಬರೋಕೆ ಅದೇನು ದನ ಏನೋ, ಸಂಜೆ ತಾನಾಗೇ ಕೊಟ್ಟಿಗೆಗೆ ಬರೋಕೆ? ನೀನು ಎಳ್ಕಬೇಕು ಕಣೋ" ಎಂದೆ. ಟ್ರ್ಯಾಕ್ಟರ್ ತಂದು ಗಾಡಿ ಎಳೆಯುತ್ತಿದ್ದವರೆಲ್ಲ ನಕ್ಕರು. ಲೋಕೇಶ ನಗಲಿಲ್ಲ. ಮತ್ತೆರಡು ದಿನಕ್ಕೆ ಯಸಳೂರಿನ ಆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಸಕಲೇಶಪುರದಲ್ಲಿ ಸಿಕ್ಕಿ, "ಏನಪ್ಪಾ, ನಿಮ್ಮ ಬಾಮೈದ ಹೆಂಗೆ?" ಎಂದು ವಿಚಾರಿಸಿದರು. "ಹುಡುಗ ಚಿನ್ನ. ಗಾಡಿ ಒಂದು ಕೊಡಬೇಡಿ" ಎಂದೆ. ಎಷ್ಟು ಚೆನ್ನಾಗಿ ಹೇಳಿದೆ ಎಂದು ದಾರಿಯುದ್ದಕ್ಕೂ ಖುಷಿಪಟ್ಟೆ. ಲೋಕೇಶನ ಕೆಲಸ ಅಲ್ಲಿಗೆ ನಿಂತಿತು.

ಮಾತು ತಿರುಗಿ ಸರೋಜಳ ಕಿವಿಗೆ ಬಿತ್ತು. ಅವಳು ಜಗಳವಾಡಲಿಲ್ಲ. ನಾನು ಅಂಗಳದಲ್ಲಿ ಹೊಸ ಲೈಟು ಕೂರಿಸುತ್ತಿದ್ದಾಗ ಸೆರಗು ಸಿಕ್ಕಿಸಿಕೊಂಡು ಬಂದು ಡ್ರೈವರ್ ಸೀಟಿನಲ್ಲಿ ಕೂತಳು. ಆ ಸೀಟಿನಲ್ಲಿ ಅವಳು ಕೂತಿದ್ದು ಅದೇ ಮೊದಲು. "ನನ್ನ ತಮ್ಮ ಸುಳ್ಳು ಹೇಳೋನಲ್ಲ. ನಾನು ಅಲ್ಲಾಡಿಸ್ತೀನಿ, ನೀವು ಕೆಳಗೆ ಹೋಗಿ ನೋಡಿ" ಎಂದಳು. ಅವಳ ಬಾಯಿ ಮುಚ್ಚಿಸೋಣವೆಂದೇ ಗೋಣಿ ಹಾಸಿಕೊಂಡು ಕೆಳಗೆ ನುಗ್ಗಿದೆ. ಅವಳು ಎಡಕ್ಕೆ ತಿರುಗಿಸಿದಳು. ಸ್ಟೇರಿಂಗ್ ಬಾಕ್ಸೇ ಇಡಿಯಾಗಿ ಒಂದು ಕಡೆ ವಾಲಿತು, ಟಯರು ಮಿಸುಕಲಿಲ್ಲ. ಬಲಕ್ಕೆ ತಿರುಗಿಸಿದಳು. ಬಾಕ್ಸು ಈ ಕಡೆ ವಾಲಿ, ತುಕ್ಕಿನ ಪುಡಿ ನನ್ನ ಆಗತಾನೇ ವಾಸಿಯಾದ ಕಣ್ಣಿಗೆ ಬಿತ್ತು. ಬಾಕ್ಸನ್ನು ಗಾಡಿಯ ಚಾಸಿ ಚೌಕಟ್ಟಿಗೆ ಹಿಡಿದಿಡುವ ನಾಲ್ಕು ಬೋಲ್ಟುಗಳಲ್ಲಿ ಒಂದು ಇರಲೇ ಇಲ್ಲ, ಎರಡು ಸಡಿಲ. ಇಷ್ಟು ದಿನ ನಾನು ಬಿಗಿದದ್ದು ಗಟ್ಟಿಯಾಗಿದ್ದ ಒಳಭಾಗವನ್ನು.

"ಏನಾದ್ರೂ ಕಾಣ್ತದಾ?" ಎಂದಳು ಮೇಲಿಂದ.

"ಕಣ್ಣಿಗೆ ಕಸ ಬಿತ್ತು" ಎಂದೆ. ಅದೂ ಸುಳ್ಳಲ್ಲ.

ಇದ್ದ ಬೋಲ್ಟುಗಳನ್ನೇ ಬಿಗಿದು, ಸರೋಜಳನ್ನೂ ಕೂರಿಸಿಕೊಂಡು ನಿಧಾನಕ್ಕೆ ಆನೇಮಹಲ್‌ನ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ನಾಲ್ಕೂ ಬೋಲ್ಟು ಹೊಸದು ಹಾಕಿದ, ಚಕ್ರದ ಹತ್ತಿರ ಸವೆದಿದ್ದ ಒಂದು ಜಾಯಿಂಟ್ ಬದಲಿಸಿದ. ಆಮೇಲೆ ಮುಂಭಾಗ ಜಾಕಿಗೆ ಎತ್ತಿ ಸ್ಟೇರಿಂಗ್ ತಿರುಗಿಸಿ ನೋಡಿದವನು ಮುಖ ಗಂಟಿಕ್ಕಿದ. "ಅಣ್ಣಾ, ಈ ಸ್ಕ್ರೂನ ಯಾರು ಹಿಂಗೆ ಬಿಗಿದೋರು? ತಿರುವಲ್ಲಿ ಹಿಡ್ಕಂಡುಬುಡ್ತದೆ, ವಾಪಸ್ ಬರಲ್ಲ."

"ಯಾರೋ ತಿಳೀದೋರು" ಎಂದೆ.

"ಅಂಥೋರ ಕೈಗೆ ಸ್ಪ್ಯಾನರ್ ಕೊಡಬಾರ್ದು ಮಾರಾಯ."

"ಕೊಡಬಾರ್ದು" ಎಂದು ಒಪ್ಪಿಕೊಂಡೆ. ಬೆಂಚಿನ ಮೇಲೆ ಕೂತಿದ್ದ ಸರೋಜ ನನ್ನನ್ನೇ ನೋಡುತ್ತಿದ್ದಳು. ಗಾಡಿ ಹತ್ತಿದ ಮೇಲೆ ಒಂದೇ ಮಾತು: "ಯಸಳೂರಿಗೆ ಬಿಡಿ."

ರಿಪೇರಿಯಾದ ಗಾಡಿ ಓಡಿಸುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ನನ್ನ ಕೈ ಹಳೆಯ ಅಭ್ಯಾಸದಲ್ಲಿ ಒಂದು ಗೇಣು ತಿರುಗಿಸುತ್ತಿತ್ತು, ಗಾಡಿ ನಿಯತ್ತಾಗಿ ಒಂದು ಗೇಣೂ ಕೇಳುತ್ತಿತ್ತು. ಕುಡಿದವನಂತೆ ರಸ್ತೆಯ ಆ ಬದಿಗೂ ಈ ಬದಿಗೂ ಹೊಯ್ದಾಡಿದೆ. ಎದುರಿಗೆ ಬಂದ ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ನನ್ನ ವಂಶದ ಬಗ್ಗೆ ಏನೋ ವಿಚಾರಿಸಿದ. "ಲೋಕೇಶನ್ನ ಕರ್ಕೊಂಬರ್ಬೇಕಿತ್ತು, ಓಡ್ಸೋಕೆ" ಎಂದಳು ಸರೋಜ.

ರೈಟರು ಸ್ಟೋರಿನ ಮುಂದೆ ಚೀಲ ಎಣಿಸುತ್ತಿದ್ದರು. "ರೈಟರೇ, ಲೋಕೇಶಂದು ತಪ್ಪಿಲ್ಲ, ಗಾಡೀದು" ಎಂದೆ. ಹಿಂದೆ ಸರೋಜ ಕೆಮ್ಮಿದಳು. "ಗಾಡೀದಲ್ಲ, ನಂದು" ಎಂದು ತಿದ್ದಿ, ಬೋಲ್ಟಿನಿಂದ ಸ್ಕ್ರೂವಿನವರೆಗೆ ಎಲ್ಲ ಹೇಳಿದೆ.

ಅವರು ನಗಬಹುದೆಂದುಕೊಂಡಿದ್ದೆ. ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಮೊನ್ನೆ ಮೊನ್ನೆ ನಮ್ಮ ಕೂಲಿ ಲೈನಿನ ಬಸುರಿ ಹೆಂಗಸನ್ನ ಆಸ್ಪತ್ರೆಗೆ ಕರ್ಕಂಡು ಹೋದ್ರಲ್ಲ, ಅದೂ ಇದೇ ಗಾಡೀಲಾ?"

ಹೌದೆಂದು ತಲೆ ಆಡಿಸಿದೆ. ಅವತ್ತು ಅವಳ ತಾಯಿ ಇಳಿಯುವಾಗ ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಕೈ ತಂಪಾಗಿರ್ಲಿ" ಎಂದಿದ್ದಳು.

ಮುಂದಿನ ವಾರ ಲೋಕೇಶನಿಗೆ ಕೆಲಸವಾಯಿತು. ಅಲ್ಲಿಯವರೆಗೆ ನಾನೇ ಹೊಡೆಯುತ್ತಿದ್ದ ಆ ಎಸ್ಟೇಟಿನ ಬಾಡಿಗೆ ನನಗೆ ತಪ್ಪಿತು. ಅವರ ಕಾಫಿಯನ್ನು ಈಗ ಅವರ ಗಾಡಿಯಲ್ಲಿ ಅವನೇ ಸಾಗಿಸುತ್ತಾನೆ. ಕಿರಿದಾದ ರಸ್ತೆಯಲ್ಲಿ ಎದುರುಬದುರಾದರೆ ಹಿಂದಕ್ಕೆ ತೆಗೆಯಬೇಕಾದವನು ನಾನೇ. ಅವನದು ತುಂಬಿದ ಗಾಡಿ, ನನ್ನದು ಖಾಲಿ. "ಭಾವ, ನಿಧಾನ, ಹಿಂದೆ ಮೋರಿ ಐತೆ" ಎಂದು ಕೂಗಿ ಹೇಳುತ್ತಾನೆ. ಮೋರಿ ಇರುವುದು ನನಗೆ ಅವನಿಗಿಂತ ಇಪ್ಪತ್ತು ವರ್ಷ ಮೊದಲಿನಿಂದ ಗೊತ್ತು. ಆದರೂ ಇಳಿದು ನೋಡಿ ಆಮೇಲೆ ತೆಗೆಯುತ್ತೇನೆ.

ಈಗ ನನಗಿರುವುದು ಒಂದು ಪಿಕಪ್, ಒಂದೂವರೆ ಎಕರೆ ಕಾಫಿ, ಒಬ್ಬಳು ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಬಾಮೈದ, ಉಳಿದ ಮೂರು ಗಿರಾಕಿ.