ಐವತ್ತಮೂರು ಗಂಟು

ಕರಿಬಸವಯ್ಯನ ಅದೃಷ್ಟ ಕೈಕೊಟ್ಟದ್ದು ಕಿರುಬೆರಳುದ್ದದ ಒಂದು ಸ್ಪ್ರಿಂಗಿನಿಂದ. ಬೆಳಗಿನ ಜಾವ ಐದಕ್ಕೆ ಗುಬ್ಬಿ ಬಿಡುವಾಗ ಅದು ಕಂತೆ ಕಟ್ಟುವ ಯಂತ್ರದಲ್ಲೇ ಇತ್ತು. ಹತ್ತೂವರೆಗೆ ಕುಣಿಗಲ್ ಹತ್ತಿರ ದೊಡ್ಡರಂಗಯ್ಯನ ರಾಗಿ ಹೊಲದಲ್ಲಿ ಯಂತ್ರವನ್ನು ಟ್ರೇಲರಿನಿಂದ ಇಳಿಸುವಾಗ ಇರಲಿಲ್ಲ.

"ಅಪ್ಪಾಜೀ, ಇಲ್ಲಿದ್ದ ಸ್ಪ್ರಿಂಗ್ ಎಲ್ಲೋ?"

ಟ್ರಾಕ್ಟರ್ ಡ್ರೈವರ್ ಅಪ್ಪಾಜಿ ಬೀಡಿ ಹಚ್ಚುತ್ತ ಹೇಳಿದ: "ಯಾವ್ದು? ನಾರಿನ ಉಂಡೆ ಪಕ್ಕ ಸುಮ್ನೆ ಅಲ್ಲಾಡ್ತಾ ಕೂತಿತ್ತಲ್ಲ, ಅದಾ? ತುಮಕೂರಲ್ಲಿ ನೀನು ಹಿತ್ತಾಳೆ ತಗಡು ತರಕ್ಕೆ ಹೋಗಿದ್ದಾಗ ನನ್ ಆಕ್ಸಿಲೇಟರ್ ಸ್ಪ್ರಿಂಗ್ ಕಟ್ಟಾಯ್ತು. ಇದನ್ನ ಕಿತ್ತು ಹಾಕ್ಕಂಡೆ. ಗಾಡಿ ಈಗ ಬೆಣ್ಣೆ ಹಂಗೆ ಹೋಯ್ತದೆ ಕಣಣ್ಣ."

"ಅದು ಸುಮ್ನೆ ಅಲ್ಲಾಡ್ತಿರ್ಲಿಲ್ಲ ಕಣೋ! ಹುರಿ ಬಿಗಿ ಹಿಡಿಯೋದೇ ಅದು! ಅದಿಲ್ದಿದ್ರೆ ಒಂದು ಗಂಟೂ ಬೀಳಲ್ಲ!"

"ಹಂಗಾದ್ರೆ ಕಿತ್ಕೊಡ್ಲಾ? ಕಿತ್ರೆ ಟ್ರಾಕ್ಟರ್ ಓಡಲ್ಲ. ಟ್ರಾಕ್ಟರ್ ಓಡ್ದಿದ್ರೆ ನಿನ್ ಮಿಷಿನ್ನ ಯಾರು ಎಳೀತಾರೆ? ನೀನೇ ಹೇಳು, ಹಂಗೇ ಮಾಡನ."

ಕರಿಬಸವಯ್ಯ ಸ್ಪ್ರಿಂಗ್ ಇದ್ದ ಖಾಲಿ ಜಾಗವನ್ನು ಬೆರಳಲ್ಲಿ ತಡವಿ ನೋಡಿದ.

ಗುಬ್ಬಿಯ ವರ್ಕ್‌ಶಾಪ್ ಮಾಲೀಕರಾದ ಲಕ್ಷ್ಮೀನರಸಿಂಹಯ್ಯನವರು ಈ ಯಂತ್ರವನ್ನು ಯಾವುದೋ ಹಳೆಯ ಎಸ್ಟೇಟಿನ ಕೊಟ್ಟಿಗೆಯಿಂದ ಹರಾಜಿನಲ್ಲಿ ತಂದಿದ್ದರು. ಪೈರು ಕೊಯ್ದು, ತಾನೇ ಕಂತೆ ಕಟ್ಟಿ, ಪಕ್ಕಕ್ಕೆ ಒಗೆಯುವ ಯಂತ್ರ. ತಂದಾಗ ಅದು ಕಂತೆಯನ್ನು ಕಬ್ಬಿಣದ ತಂತಿಯಲ್ಲಿ ಬಿಗಿಯುತ್ತಿತ್ತು. ಮೊದಲ ಸಲ ಓಡಿಸಿದ ಮೂರೇ ದಿನಕ್ಕೆ ತಂತಿಯ ಚೂರೊಂದು ಹುಲ್ಲಿನ ಜೊತೆ ಮಾಲೀಕರ ಎಮ್ಮೆಯ ಹೊಟ್ಟೆ ಸೇರಿತು. ಎಮ್ಮೆ ಉಳಿಯಿತು, ಹಾಲು ಉಳಿಯಲಿಲ್ಲ. ಅಂದಿನಿಂದ ತಂತಿ ಬಿಡಿಸಿ ತೆಂಗಿನ ನಾರಿನ ಹುರಿಗೆ ಯಂತ್ರವನ್ನು ಒಗ್ಗಿಸುವ ಹುಚ್ಚು ಫಿಟ್ಟರ್ ಕರಿಬಸವಯ್ಯನಿಗೆ ಹಿಡಿಯಿತು. ತಂತಿಯನ್ನು ತಿರುಚಿದರೆ ಸಾಕು, ಹುರಿಗೆ ಗಂಟೇ ಬೀಳಬೇಕು. ಗಂಟು ಹಾಕುವ ಕಬ್ಬಿಣದ ಕೊಕ್ಕನ್ನು ಹೇಗೆ ಬಾಗಿಸಬೇಕೆಂದು ತಿಳಿಯಲು ಅವನು ಬಸ್ ಸ್ಟ್ಯಾಂಡಿನಲ್ಲಿ ಹೂ ಕಟ್ಟುವ ವನಜಮ್ಮನ ಬೆರಳುಗಳನ್ನು ಹದಿನೈದು ದಿನ ಎವೆಯಿಕ್ಕದೆ ನೋಡಿದ. ಹದಿನಾರನೆಯ ದಿನ ವನಜಮ್ಮನ ಗಂಡ ಬಂದು ಎರಡು ಬಿಟ್ಟ. ಆದರೆ ಅಷ್ಟರಲ್ಲಿ ವಿದ್ಯೆ ಕೈಗೆ ಹತ್ತಿತ್ತು.

ಹತ್ತಿದ್ದೂ ಮುಕ್ಕಾಲು ಮಾತ್ರ. ಹತ್ತು ಕಂತೆಯಲ್ಲಿ ಏಳಕ್ಕೆ ಗಂಟು ಬೀಳುತ್ತಿತ್ತು, ಮೂರು ಬಿಚ್ಚಿಕೊಂಡು ಹುಡುಗರು ಕಿತ್ತಾಡಿದ ಹಾಸಿಗೆಯ ಹಾಗೆ ಹರಡುತ್ತಿದ್ದವು. ಅದೂ ಸ್ಪ್ರಿಂಗ್ ಇದ್ದಾಗ.

ಇವತ್ತು ಕೃಷಿ ಇಲಾಖೆಯ ಇಂಜಿನಿಯರು ಪರೀಕ್ಷೆಗೆ ಬರುವವರಿದ್ದರು. ಒಂದೇ ಸಮನೆ ಐವತ್ತು ಕಂತೆ, ಒಂದೂ ಸಡಿಲ ಇರಕೂಡದು. ಹಾಗಾದರೆ ಅಂಥವೇ ಹತ್ತು ಯಂತ್ರ ಮಾಡಿಸಲು ಶಿಫಾರಸು. ಮಾಲೀಕರು ಹಿಂದಿನ ದಿನವೇ ಖಂಡಿತವಾಗಿ ಹೇಳಿದ್ದರು: "ಪಾಸಾದ್ರೆ ನೀನು ಫೋರ್‌ಮನ್ನು, ಮಿಷಿನ್ ಮೇಲೆ ನಿನ್ ಹೆಸ್ರು. ಫೇಲಾದ್ರೆ ಮಿಷಿನ್ ಗುಜರಿಗೆ, ನೀನು ವಾಪಸ್ ಪಂಪ್‌ಸೆಟ್ಟಿಗೆ." ಕರಿಬಸವಯ್ಯ ಹನ್ನೊಂದು ವರ್ಷ ಬಾವಿಗಳಲ್ಲಿ ಇಳಿದು ಪಂಪ್‌ಸೆಟ್ ಬಿಚ್ಚಿದ್ದ. ಇನ್ನೊಂದು ಬಾವಿ ಇಳಿಯುವ ಆಸೆ ಅವನಿಗಿರಲಿಲ್ಲ. ಅದಕ್ಕೇ ಫಲಿತಾಂಶಕ್ಕೆ ಮೊದಲೇ ತುಮಕೂರಿನಲ್ಲಿ 'ಕರಿಬಸವಯ್ಯ ಕಂತೆಯಂತ್ರ, ಗುಬ್ಬಿ, 1979' ಎಂದು ಹಿತ್ತಾಳೆ ತಗಡು ಕೆತ್ತಿಸಿದ್ದ. ಆ ತಗಡು ತರಲು ಹೋದ ಇಪ್ಪತ್ತು ನಿಮಿಷದಲ್ಲೇ ಸ್ಪ್ರಿಂಗ್ ಹೋದದ್ದು.

"ಯಾಕ್ಲಾ ಬಸ, ಮುಖ ಹಿಂಗೆ ಸುಟ್ಕಂಡಿದೀಯಾ?" ಎನ್ನುತ್ತ ಟೈಲರ್ ಚಿಕ್ಕಬೋರಯ್ಯ ಬಂದ. ಕರಿಬಸವಯ್ಯನ ಪಕ್ಕದ ಮನೆಯವನು. ಯಾರೂ ಕರೆಯದಿದ್ದರೂ ಅಂಗಡಿ ಮುಚ್ಚಿ ಟ್ರೇಲರ್ ಹತ್ತಿದ್ದ. ವಿಷಯ ಕೇಳಿ ನಕ್ಕ. "ಇಷ್ಟೇನಾ? ನನ್ ಹೊಲಿಗೆ ಮಿಷಿನ್ನಲ್ಲಿ ಟೆನ್ಷನ್ ಹೋದ್ರೆ ದಾರಾನ ಬೆರಳಲ್ಲೇ ಹಿಡೀತೀನಿ. ನೀನೂ ಹಿಡಿ."

"ನನ್ನ ಎರಡು ಕೈಯೂ ಲಿವರ್ ಮೇಲಿರ್ತವೆ ಕಣೋ."

"ಕಾಲಿಗೆ ಏನಾಗಿದೆ?"

ಕರಿಬಸವಯ್ಯ ಯಂತ್ರದ ಸೀಟಿನಲ್ಲಿ ಕೂತು ನೋಡಿದ. ಸೊಂಟ ಬಗ್ಗಿಸಿ, ತಲೆಯನ್ನು ಮೊಣಕಾಲಿಗೆ ಮುಟ್ಟಿಸಿದರೆ ಬಲಗಾಲಿನ ಹೆಬ್ಬೆರಳ ಸಂದಿಯಲ್ಲಿ ಹುರಿ ಹಿಡಿಯಬಹುದಿತ್ತು. ಆದರೆ ಆ ಭಂಗಿಯಲ್ಲಿ ಕೂತವನಿಗೆ ಹಿಂದೆ ಏನಾಗುತ್ತಿದೆಯೆಂದು ಕಾಣುವ ಬಗೆಯಿರಲಿಲ್ಲ. ಮನುಷ್ಯನ ಕಾಲ್ಬೆರಳನ್ನು ನಂಬಿ ಇಲಾಖೆಯ ಮುಂದೆ ಹೋಗುವುದೇ?

ಯಂತ್ರಕ್ಕೆ ದಾರಿಯಾಗಲೆಂದು ಹೊಲದ ಅಂಚನ್ನು ಕುಡುಗೋಲಿನಲ್ಲಿ ಕೊಯ್ದು ಮುಗಿಸಿದ್ದ ಐದು ಜನ ಹೆಂಗಸರು ಬದುವಿನ ಮೇಲೆ ಎಲೆಯಡಿಕೆ ಹಾಕುತ್ತ ಕೂತಿದ್ದರು. ಅವರ ಮುಂದಾಳು ನಿಂಗಮ್ಮ. ರಾಗಿ ಹುಲ್ಲನ್ನೇ ಹಿಡಿಯಷ್ಟು ಹೊಸೆದು, ಕಂತೆಗೆ ಸುತ್ತಿ, ಮಂಡಿಯಿಂದ ಅದುಮಿ ಸಿಕ್ಕಿಸಿದಳೆಂದರೆ ಕಣ್ಣು ಮಿಟುಕಿಸುವುದರಲ್ಲಿ ಒಂದು ಕಟ್ಟು. ಕರಿಬಸವಯ್ಯ ಸುತ್ತ ನೋಡಿ ಅವಳ ಹತ್ತಿರ ಹೋದ.

"ನಿಂಗಮ್ಮಕ್ಕ, ಒಂದು ಉಪಕಾರ ಮಾಡ್ಬೇಕು. ಮಿಷಿನ್ ಹಿಂದೆ ಧೂಳಲ್ಲೇ ಬನ್ನಿ. ಯಾವ್ದಾದ್ರೂ ಕಂತೆ ಬಿಚ್ಕಂಡು ಬಿದ್ರೆ ಪಟ್ ಅಂತ ಕಟ್ಬುಡಿ. ಯಾರಿಗೂ ಹೇಳ್ಬೇಡಿ."

"ಅಷ್ಟೇ ತಾನೆ? ನಡಿಯಪ್ಪ, ಕಟ್ತೀವಿ. ನಮ್ಗೇನು ಹೊಸದಾ?"

ಅವನು ಈಚೆಗೆ ಬಂದದ್ದೇ ಚಿಕ್ಕಬೋರಯ್ಯ ಆಚೆಗೆ ಹೋದ. ಅವನಿಗೆ ಹೆಂಗಸರ ಹತ್ತಿರ ಎಲೆಯಡಿಕೆ ಬೇಕಿತ್ತು, ಅದಕ್ಕೆ ಬದಲಾಗಿ ಒಂದು ಕತೆ ಹೇಳಿದ. "ಗುಬ್ಬೀಲಿ ಈ ಮಿಷಿನ್ ಕಟ್ಟಿದ ಹುಲ್ಲು ತಿಂದು ಒಂದು ಎಮ್ಮೆ ನಾಲ್ಕು ಕಾಲೂ ಮೇಲೆ ಮಾಡಿತ್ತು ಗೊತ್ತೇನಮ್ಮ?"

"ಅಯ್ಯಯ್ಯೋ! ಯಾಕ್ಲಾ?"

"ಕಟ್ಟಿದ್ದು ಹೊಟ್ಟೆಗೆ ಹೋಗಿ ಸುತ್ಕಂತು!" ಎಂದ ಚಿಕ್ಕಬೋರಯ್ಯ. ತಂತಿಯ ವಿಷಯ ಹೇಳುವಷ್ಟರಲ್ಲಿ ಜೀಪಿನ ಸದ್ದಾಯಿತು, ಎಲೆಯಡಿಕೆ ಬಾಯಿಗೆ ತುರುಕಿಕೊಂಡು ಎದ್ದು ಓಡಿದ.

ಇಂಜಿನಿಯರು ಮಾತು ಕಡಿಮೆಯ ಮನುಷ್ಯ. ಬಿಳಿ ಶರಟು, ಜೇಬಿನಲ್ಲಿ ಎರಡು ಪೆನ್ನು. ಹೊಲದ ಮೇಲಂಚಿನ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡರು, ಎಳನೀರು ಕುಡಿದರು, ಗಡಿಯಾರ ನೋಡಿ "ಶುರು ಮಾಡಿ" ಎಂದರು.

ಅಪ್ಪಾಜಿ ಟ್ರಾಕ್ಟರ್ ಎಬ್ಬಿಸಿದ. ಕರಿಬಸವಯ್ಯ ಬಸವಣ್ಣನನ್ನು ನೆನೆದು ಬಗ್ಗಿ ಕೂತು, ಹುರಿಯನ್ನು ಹೆಬ್ಬೆರಳ ಸಂದಿಗೆ ಸೇರಿಸಿದ. ಅಲಗು ಕರಕರ ಕೊಯ್ಯಿತು. ರಾಗಿ ಪೈರು ತಿರುಗುವ ಕ್ಯಾನ್ವಾಸ್ ಪಟ್ಟೆಯ ಮೇಲೆ ಮಲಗಿ ಮೇಲೇರಿ ಬಂತು. ಯಂತ್ರದ ಬಾಗಿದ ಸೂಜಿ ಹುರಿಯನ್ನು ಕಂತೆಗೆ ಸುತ್ತಿ ತಂದಿತು. ಅವನು ಉಸಿರು ಬಿಗಿಹಿಡಿದ. ಹುರಿ ಕಾಲ್ಬೆರಳನ್ನು ಕತ್ತರಿಸುವ ಹಾಗೆ ಎಳೆಯಿತು, ಅವನು ಎಳೆದಷ್ಟು ಬಿಟ್ಟ, ಬಿಟ್ಟಷ್ಟು ಹಿಡಿದ.

ಟಕ್!

ಅವನ ಮೈ ಜುಮ್ಮೆಂದಿತು. ಆ ಸದ್ದು ಅವನಿಗೆ ಗೊತ್ತಿತ್ತು. ಕೊಕ್ಕು ಪೂರ್ತಿ ತಿರುಗಿ, ಗಂಟು ಬಿಗಿದು, ಚಾಕು ಹುರಿ ಕತ್ತರಿಸಿದಾಗ ಮಾತ್ರ ಬರುವ ಸದ್ದು. ಗಂಟು ತಪ್ಪಿದರೆ 'ಪುಸ್' ಎನ್ನುತ್ತಿತ್ತು.

ಟಕ್! ಟಕ್!

ಐದಾಯಿತು. ಹತ್ತಾಯಿತು. ಒಂದೂ 'ಪುಸ್' ಇಲ್ಲ! ಕರಿಬಸವಯ್ಯನಿಗೆ ತಟ್ಟನೆ ಹೊಳೆಯಿತು: ಇಷ್ಟು ದಿನ ತಪ್ಪು ಮಾಡುತ್ತಿದ್ದದ್ದು ಸ್ಪ್ರಿಂಗೇ! ನಾರಿನ ಹುರಿ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಸ್ಪ್ರಿಂಗಿಗೆ ಅದು ಗೊತ್ತಾಗುತ್ತಿರಲಿಲ್ಲ, ಕಾಲ್ಬೆರಳಿಗೆ ಗೊತ್ತಾಗುತ್ತಿತ್ತು. ಹಿಡಿತ ಮೆತ್ತಗಿರಬೇಕು! ಒಂದು ಚೂರು ಸೈಕಲ್ ಟ್ಯೂಬ್ ಹಾಕಿದರೆ ಸಾಕು, ಜಗತ್ತೇ ಗೆದ್ದ ಹಾಗೆ! ಆರು ತಿಂಗಳು ನಿದ್ದೆಗೆಡಿಸಿದ ಲೆಕ್ಕವನ್ನು ಅಪ್ಪಾಜಿಯ ಕಳ್ಳತನ ಬಿಡಿಸಿತ್ತು.

"ಇಪ್ಪತ್ತೇಳು! ಇಪ್ಪತ್ತೆಂಟು! ಹೊಡಿಯೋ ಅಪ್ಪಾಜಿ, ಹೊಡಿ!" ಎಂದು ಕರಿಬಸವಯ್ಯ ಮೊಣಕಾಲಿಗೆ ಮುಖ ಒತ್ತಿಕೊಂಡೇ ಕೂಗಿದ. ಬೆರಳ ಸಂದಿಯಲ್ಲಿ ರಕ್ತ ಜಿನುಗುತ್ತಿತ್ತು, ಅದು ಗೊತ್ತಾಗಲಿಲ್ಲ. ಬೆನ್ನು ಬಿಲ್ಲಾಗಿತ್ತು, ಅದೂ ಗೊತ್ತಾಗಲಿಲ್ಲ. ಆ ಸಂಭ್ರಮದಲ್ಲಿ ಇನ್ನೊಂದೂ ಮರೆತುಹೋಗಿತ್ತು: ಯಂತ್ರದ ಹಿಂದೆ ಧೂಳಿನಲ್ಲಿ ಐದು ಜನ ಹೆಂಗಸರು ಬರುತ್ತಿದ್ದಾರೆ ಎಂಬುದು.

ಹೊಂಗೆ ಮರದ ಕೆಳಗೆ ಇಂಜಿನಿಯರು ಕೇಳಿದರು: "ಹಿಂದೆ ಯಾರ್ರೀ ಅವರು?"

"ತೆನೆ ಆಯೋರು ಸಾರ್," ಎಂದರು ಲಕ್ಷ್ಮೀನರಸಿಂಹಯ್ಯ. ಅವರಿಗೆ ಗೊತ್ತಿದ್ದದ್ದೇ ಅಷ್ಟು.

ಐವತ್ತಮೂರನೆಯ ಟಕ್ ಆಗುವುದಕ್ಕೂ ಹುರಿಯ ಉಂಡೆ ಮುಗಿಯುವುದಕ್ಕೂ ಸರಿಹೋಯಿತು. ಕರಿಬಸವಯ್ಯ ಇಳಿದು, ಕುಂಟುತ್ತ, ನಗುತ್ತ, ಅಳುತ್ತ ಹೊಂಗೆ ಮರದ ಕಡೆಗೆ ಓಡಿದ. ಅಪ್ಪಾಜಿ ಹಾರ್ನ್ ಒತ್ತಿಹಿಡಿದ. ಚಿಕ್ಕಬೋರಯ್ಯನಿಗಂತೂ ತಡೆಯಲಾಗಲಿಲ್ಲ. "ಬನ್ರೋ, ಮಿಕ್ಕಿದ್ದನ್ನ ನಾವೇ ಮುಗಿಸಾನ! ಬಸನಿಗೆ ನಮ್ ಕಡೆಯಿಂದ ಒಂದು ಮರ್ಯಾದೆ!" ಎಂದು ನೋಡಲು ಬಂದಿದ್ದವರನ್ನೆಲ್ಲ ಸೇರಿಸಿ, ಮೂಲೆಯಲ್ಲಿ ನಿಂತಿದ್ದ ಕೊನೆಯ ಚೂರು ಪೈರನ್ನೂ ಕುಡುಗೋಲಿನಲ್ಲಿ ಬೋಳಿಸಿಬಿಟ್ಟ.

ಇಂಜಿನಿಯರು ಸಾಲಿನುದ್ದಕ್ಕೂ ನಡೆದು ಕಂತೆ ಎಣಿಸಿದರು. ಐವತ್ತಮೂರು. ಒಂದನ್ನೆತ್ತಿ ಅಲ್ಲಾಡಿಸಿದರು. ಬಿಗಿ. ಹಿಂದುಮುಂದು ತಿರುಗಿಸಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿದರು.

"ನಾರಿನ ಹುರೀಲಿ ಕಟ್ಟತ್ತೆ ಅಂತ ಅರ್ಜೀಲಿ ಬರ್ದಿದೀರಿ. ಇದು ಹುಲ್ಲಿನ ಕಟ್ಟು. ನಿಮ್ಮ ಮಿಷಿನ್‌ಗೆ ಹುಲ್ಲು ಹೊಸೆಯೋದೂ ಬರತ್ತೇನ್ರೀ?"

ಲಕ್ಷ್ಮೀನರಸಿಂಹಯ್ಯ ಸಂತೋಷದಲ್ಲಿ ತೇಲುತ್ತಿದ್ದರು. "ಬರತ್ತೆ ಸಾರ್! ಅದೂ ಒಂದು ಇಂಪ್ರೂಮೆಂಟು!"

ಕರಿಬಸವಯ್ಯನ ನಗು ಮುಖದ ಮೇಲೇ ಒಣಗಿತು. ಒಂದು ಕಂತೆ ನೋಡಿದ, ಇನ್ನೊಂದು ನೋಡಿದ, ಹುಚ್ಚನ ಹಾಗೆ ಸಾಲಿನುದ್ದಕ್ಕೂ ಓಡಿದ. ಎಲ್ಲಕ್ಕೂ ಹುಲ್ಲು, ಹುಲ್ಲು, ಹುಲ್ಲು.

"ಮಿಷಿನ್ ಎಲ್ಲಿ ಹೊಸೀತದೆ ಸ್ವಾಮಿ!" ನಿಂಗಮ್ಮ ಹೆಮ್ಮೆಯಿಂದ ಮುಂದೆ ಬಂದಳು. "ನಾವು ಐದು ಜನ ಕಟ್ಟಿದ್ದು. ಈ ಬಸಣ್ಣನೇ ಹೇಳವ್ನೆ, ಹಿಂದೆ ಹಿಂದೆ ಕಟ್ಕಂಡು ಬನ್ನಿ, ಯಾರಿಗೂ ಹೇಳ್ಬೇಡಿ ಅಂತ."

"ಅಕ್ಕಾ! ಬಿಚ್ಕಂಡಿದ್ರೆ ಕಟ್ಟಿ ಅಂದೆ! ಕಂತೆಗೆ ಹುರಿ ಇತ್ತೋ ಇಲ್ವೋ? ನಿಜ ಹೇಳಕ್ಕಾ! ಹುರಿ ಎಲ್ಲಿ?"

ನಿಂಗಮ್ಮ ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಇಂಜಿನಿಯರು ಜೇಬಿನಿಂದ ಪೆನ್ನು ತೆಗೆದರು. ಸರ್ಕಾರದವರು ಪೆನ್ನು ತೆಗೆದ ಮೇಲೆ ತನ್ನಂಥವರ ಕೈಗೆ ಸಿಕ್ಕಿದ ವಸ್ತು ಕೈಯಲ್ಲಿ ಉಳಿಯುವುದಿಲ್ಲವೆಂಬುದು ಅವಳ ಅನುಭವ. ಅವಳ ಕೈ ತಾನಾಗಿ ಉಬ್ಬಿದ ಮಡಿಲನ್ನು ಅದುಮಿಕೊಂಡಿತು.

"ಯಾವ ಹುರಿಯೋ ಏನೋ. ನಂಗೊತ್ತಿಲ್ಲ ಬುಡಪ್ಪ."

"ಸಾರ್, ಉಂಡೆ ಪೂರ್ತಿ ಖಾಲಿಯಾಗಿದೆ, ನೀವೇ ನೋಡಿ ಸಾರ್!"

"ಖಾಲಿ ತಂದಿದ್ರೆ ಖಾಲೀನೇ ಇರತ್ತೆ," ಎಂದರು ಇಂಜಿನಿಯರು.

"ಇನ್ನೊಂದ್ಸಲ ಓಡಿಸ್ತೀನಿ ಸಾರ್! ಪ್ಯಾಟೆಯಿಂದ ಹುರಿ ತರ್ಸ್ತೀನಿ, ಅರ್ಧ ಗಂಟೆ ಕೊಡಿ!"

"ಏನನ್ನ ಕೊಯ್ತೀರಿ?"

ಎಲ್ಲರೂ ತಿರುಗಿ ನೋಡಿದರು. ಹೊಲ ಮುಡಿ ಕೊಟ್ಟ ತಲೆಯ ಹಾಗೆ ನುಣ್ಣಗಿತ್ತು. ಅದರ ನಡುವೆ ಚಿಕ್ಕಬೋರಯ್ಯ ಕುಡುಗೋಲು ಹಿಡಿದು, ಬೆವರು ಒರೆಸಿಕೊಳ್ಳುತ್ತ, "ಒಂದು ಕಡ್ಡೀನೂ ಬಿಟ್ಟಿಲ್ಲ ಕಣ್ಲಾ ಬಸ!" ಎಂದು ಕೈ ಬೀಸಿದ.

ಇಂಜಿನಿಯರು ನಿಂತೇ ವರದಿ ಬರೆದರು. ಲಕ್ಷ್ಮೀನರಸಿಂಹಯ್ಯ ಕತ್ತು ಚಾಚಿ ಓದಿದರು: 'ಯಂತ್ರ ಕೊಯ್ಯುತ್ತದೆ. ಕಟ್ಟಲು ಐದು ಮಂದಿ ಹೆಂಗಸರು ಬೇಕು.' ಓದಿ, ಕರಿಬಸವಯ್ಯನ ಮುಖ ನೋಡದೆ ಹೇಳಿದರು: "ನಾಳೆ ಏಳು ಗಂಟೆಗೆ ಚಿಕ್ಕರಂಗಯ್ಯನ ತೋಟದ ಪಂಪ್‌ಸೆಟ್ಟು. ಬಾವಿ ಆಳ ಐತೆ, ಹಗ್ಗ ತಗೊಂಡು ಬಾ."

ಸರ್ಕಾರದ ಪೆನ್ನು ಜೇಬು ಸೇರಿ, ಬಿಳಿ ಶರಟು ಜೀಪಿನ ಕಡೆ ನಡೆದ ಮೇಲೆ ನಿಂಗಮ್ಮ ಮೆಲ್ಲಗೆ ಕರಿಬಸವಯ್ಯನ ಪಕ್ಕ ಬಂದು ಮಡಿಲು ಬಿಚ್ಚಿದಳು. ಒಳಗೆ ಅಚ್ಚುಕಟ್ಟಾಗಿ ಸುತ್ತಿಟ್ಟ ನಾರಿನ ಹುರಿಗಳು.

"ಬೇಜಾರ್ ಮಾಡ್ಕಬೇಡ ಬಸಣ್ಣ. ಹುರಿ ಹುಲ್ಲಲ್ಲಿ ಬಿಟ್ರೆ ದನ ತಿಂದು ಸಾಯಲ್ವಾ? ನಿಮ್ಮೂರ ಎಮ್ಮೆ ಕತೆ ಆ ಟೈಲರಪ್ಪ ಹೇಳ್ದ. ಅದಕ್ಕೇ ಒಂದೊಂದೂ ಬಿಚ್ಚಿ ನಮ್ ಹುಲ್ಲಲ್ಲಿ ಕಟ್ದೋ. ಕುಯ್ದ್ರೆ ಹುರಿ ಹಾಳಾಯ್ತದೆ ಅಂತ ಗಂಟೇ ಬಿಚ್ಚಿದೀವಿ. ನಮ್ ಮೇಕೆಗಳಿಗೆ ಆಯ್ತದೆ. ಏನ್ ಗಂಟಪ್ಪ ಅದು! ಐವರ ಉಗುರೂ ಕಿತ್ತೋಯ್ತು!"

"ಎಲ್ಲಾನೂ ಬಿಚ್ಚಿದ್ರಾ? ಒಂದೂ ಉಳ್ದಿಲ್ವಾ ಅಕ್ಕ?"

ನಿಂಗಮ್ಮ ತಡಕಾಡಿ ತಳದಿಂದ ಒಂದನ್ನು ತೆಗೆದಳು. "ಇದೊಂದು ಬರ್ಲೇ ಇಲ್ಲ ಕಣಪ್ಪ. ಹಲ್ಲಲ್ಲೂ ಕಚ್ಚಿ ನೋಡ್ದೆ. ಕೊನೆಗೆ ಕಂತೇನೇ ಹಿಂಡಿ ಎಳ್ಕಂಡೆ."

ದುಂಡಗೆ ಬಳೆಯ ಹಾಗಿದ್ದ ಹುರಿ. ಅದರಲ್ಲಿ ಗಂಟು. ವನಜಮ್ಮನ ಬೆರಳೂ ನಾಚಬೇಕು, ಅಂಥ ಗಂಟು! ಯಂತ್ರದ ಕೊಕ್ಕು ಒತ್ತಿದ ಗುರುತು ಕೂಡ ಹುರಿಯ ಮೇಲೆ ಸ್ಪಷ್ಟವಾಗಿತ್ತು. ಇಂಜಿನಿಯರಾದವರು ಒಮ್ಮೆ ನೋಡಿದರೆ ಸಾಕಿತ್ತು.

ಕರಿಬಸವಯ್ಯ ಅದನ್ನು ಕಿತ್ತುಕೊಂಡು ರಸ್ತೆಯ ಕಡೆಗೆ ಓಡಿದ. ಒಂದು ಕಾಲು ಕುಂಟು, ಕೂಳೆ ಚುಚ್ಚುತ್ತಿತ್ತು, ಆದರೂ ಜೂಜಿನ ಕುದುರೆಯ ಹಾಗೆ ಓಡಿದ. ಜೀಪು ಗುರುಗುಡುತ್ತಿತ್ತು. ದೊಡ್ಡರಂಗಯ್ಯ ತನ್ನ ಪಕ್ಕದ ಹೊಲದ ಅವರೆಕಾಯಿಯನ್ನು ಒಂದು ಮೂಟೆ ತುಂಬಿಸಿ ಜೀಪಿನ ಹಿಂದಕ್ಕೆ ಹಾಕಿಸಿದ್ದ. ಮೂಟೆಯ ಬಾಯಿ ಕಟ್ಟಲು ಏನೂ ಇಲ್ಲದೆ ಇಂಜಿನಿಯರು ಅದನ್ನು ಎರಡೂ ಕೈಯಲ್ಲಿ ಹಿಸುಕಿ ಹಿಡಿದುಕೊಂಡು ನಿಂತಿದ್ದರು.

"ಸಾರ್... ಇದು... ಇದನ್ನ..." ಕರಿಬಸವಯ್ಯ ಏದುಸಿರು ಬಿಡುತ್ತ ಗಂಟು ಚಾಚಿದ. ಮುಂದಿನ ಮಾತು ಹೊರಡಲಿಲ್ಲ, ಉಸಿರೇ ಇರಲಿಲ್ಲ.

ಇಂಜಿನಿಯರ ಮುಖ ಆ ದಿನ ಮೊದಲ ಸಲ ಅರಳಿತು. ಅವನ ಕೈಯಿಂದ ಹುರಿಯ ಬಳೆ ತೆಗೆದುಕೊಂಡು, ಮೂಟೆಯ ಬಾಯಿಗೆ ಹಾಕಿ, ತಿರುಚಿ ಇನ್ನೂ ಎರಡು ಸುತ್ತು ಇಳಿಸಿ ಒತ್ತಿದರು. ಸರಿಯಾಗಿ ಕೂತಿತು.

"ಥ್ಯಾಂಕ್ಸ್ ಕಣ್ರೀ. ಬೆಳಿಗ್ಗೆಯಿಂದ ಇದೊಂದು ಉಪಯೋಗದ ಕೆಲಸ ಮಾಡಿದ್ರಿ," ಎಂದು ಹತ್ತಿ ಕೂತರು.

ಜೀಪು ಹೊರಟಿತು. ಕರಿಬಸವಯ್ಯನಿಗೆ ದನಿ ಬರುವ ಹೊತ್ತಿಗೆ ಅದು ಕುಣಿಗಲ್ ರಸ್ತೆಯ ತಿರುವಿನಲ್ಲಿತ್ತು. ಅಲ್ಲೊಂದು ದೊಡ್ಡ ಗುಂಡಿ. ಜೀಪು ಎಗರಿತು, ಅವರೆಕಾಯಿ ಮೂಟೆ ಮೊಳದುದ್ದ ಮೇಲಕ್ಕೆ ಹಾರಿ ಧೊಪ್ಪೆಂದು ಬಿತ್ತು. ಗಂಟು ಮಾತ್ರ ಒಂದೆಳೆಯೂ ಸಡಿಲಲಿಲ್ಲ.